ತಂದೆಯ ಮಡಕೆ, ಮಗನ ಪೀಠ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಇಂತಹ ವೇದಿಕೆಗಳಿಂದ ಕವಿಗಳನ್ನೂ ದಾರ್ಶನಿಕರನ್ನೂ ರಾಜ್ಯಧುರಂಧರರನ್ನೂ ಕುರಿತು ಮಾತನಾಡುವುದು ನಮ್ಮಲ್ಲಿ ರೂಢಿಯಾಗಿ ಬಂದಿರುವುದರಿಂದ, ಸ್ಟೂಲು, ಕೆಟಲು, ಚಮಚ, ಬೋಗುಣಿಗಳಿಗೆ ಆಕಾರ ಕೊಡುವುದರಲ್ಲಿಯೇ ಅರ್ಧಶತಮಾನಕ್ಕೂ ಮಿಕ್ಕ ಕಾಲವನ್ನು ಕಳೆದ ಜಪಾನಿನ ವಿನ್ಯಾಸಕಾರರೊಬ್ಬರನ್ನು ಈ ಸಂಜೆಯ ವಿಷಯವನ್ನಾಗಿ ಆರಿಸಿಕೊಂಡುದಕ್ಕೆ ಸಮಾಧಾನ ಹೇಳಬೇಕಾದುದು ನನ್ನ ಕರ್ತವ್ಯ. ಸಮಾಧಾನವೇನೋ ಸರಳವಾದುದೇ. ಮನುಷ್ಯನು ಕವಿತೆಯನ್ನು ಓದದೆ ಬದುಕಬಲ್ಲನು, ಬಹುಮಂದಿ ಬದುಕುತ್ತಲೂ ಇದ್ದಾರೆ. ಕೂರದೆ, ಉಣ್ಣದೆ, ನೀರು ಕಾಯಿಸದೆ ಬದುಕುವವರು ಯತಿಗಳಲ್ಲಿಯೂ ವಿರಳ. ದಿನವೂ ಮುಟ್ಟುವ ವಸ್ತುಗಳು ನಮ್ಮ ಅಭಿರುಚಿಯನ್ನು ನಮಗರಿಯದಂತೆಯೇ ತಿದ್ದುತ್ತಲೋ ಕೆಡಿಸುತ್ತಲೋ ಇರುವುವಾದ್ದರಿಂದ, ಅವುಗಳನ್ನು ರೂಪಿಸಿದವನ ಜೀವನವೂ ವಿಚಾರಾರ್ಹವೆಂದು ನಾನು ತಿಳಿದಿದ್ದೇನೆ.

ಸೋರಿ ಯನಗಿಯವರು 1915ರ ಜೂನ್ 29ರಂದು ಟೋಕಿಯೊದಲ್ಲಿ ಹುಟ್ಟಿ, 2011ರ ಡಿಸೆಂಬರ್ 25ರಂದು, ತೊಂಬತ್ತಾರು ವರ್ಷದ ವೃದ್ಧರಾಗಿ ತೀರಿಕೊಂಡರು. ಈ ದೀರ್ಘಾಯುಷ್ಯದ ವೃತ್ತಾಂತವನ್ನು ಕೃತಿಗಳ ಪಟ್ಟಿಯಾಗಿ ಒಪ್ಪಿಸುವ ಉದ್ದೇಶ ನನಗಿಲ್ಲ. ಅವರ ಬಾಳನ್ನು ಒಂದು ಮನೆಯೊಳಗೆ ತಂದೆಗೂ ಮಗನಿಗೂ ನಡುವೆ ಹುಟ್ಟಿ, ತಂದೆಯ ಮರಣಾನಂತರವೂ ಮುಂದುವರಿದ ಒಂದು ವಾದವನ್ನಾಗಿ ನೋಡಿದರೆ ಅದರ ಅರ್ಥ ಹೆಚ್ಚು ಸ್ಪಷ್ಟವಾಗುವುದೆಂದು ನನ್ನ ಎಣಿಕೆ. ಯಂತ್ರದ ಬಾಯಿಂದ ಸಾವಿರಗಟ್ಟಲೆಯಾಗಿ ಹೊರಬೀಳುವ ವಸ್ತುವಿನಲ್ಲಿ, ಕುಂಬಾರನ ಮಡಕೆಯಲ್ಲಿ ನೆಲಸುವಂತಹ ಸೌಂದರ್ಯ ನೆಲಸಬಲ್ಲುದೆ ಎಂಬುದೇ ಆ ವಾದದ ವಿಷಯ.

ತಂದೆ ಸೊಯೆತ್ಸು ಯನಗಿ ಸಾಮಾನ್ಯರಲ್ಲ. 1889ರಲ್ಲಿ ಜನಿಸಿದ ಆತ, ತಾರುಣ್ಯದಲ್ಲಿ ‘ಶಿರಾಕಾಬಾ’ ಎಂಬ ಸಾಹಿತ್ಯಪತ್ರಿಕೆಯ ಬಳಗಕ್ಕೆ ಸೇರಿ ಪಾಶ್ಚಾತ್ಯ ಕಲೆಯನ್ನು ಜಪಾನಿಗೆ ಪರಿಚಯಿಸಿದವರಲ್ಲಿ ಒಬ್ಬ. ಅನಂತರ ಕೊರಿಯಾ ದೇಶದ ಹಳೆಯ ಮಡಕೆಗಳಿಗೆ ಮನಸೋತು, ತನ್ನ ದೇಶವೇ ಆ ನೆಲವನ್ನು ಆಳುತ್ತಿದ್ದ ಕಾಲದಲ್ಲಿ ಅಲ್ಲಿಯ ಕಲೆಯ ಪರವಾಗಿ ನಿಂತು, 1924ರಲ್ಲಿ ಸಿಯೋಲ್ ನಗರದಲ್ಲಿ ಕೊರಿಯದ ಜನಪದ ಕಲೆಗಾಗಿ ಒಂದು ಸಂಗ್ರಹಾಲಯವನ್ನು ತೆರೆಯಿಸಿದವನು. ಮರುವರ್ಷ ಕುಂಬಾರಮಿತ್ರರಾದ ಶೋಜಿ ಹಮಾದಾ, ಕಾಂಜಿರೊ ಕವಾಯಿ ಇವರೊಡನೆ ಕೂಡಿ ‘ಮಿಂಗೇಯಿ’, ಎಂದರೆ ಜನಸಾಮಾನ್ಯರ ಕೈಗೆಲಸ, ಎಂಬ ಹೆಸರನ್ನು ಬಳಕೆಗೆ ತಂದನು. ಅನಾಮಿಕನಾದ ಕಸಬುದಾರನು, ಅಹಂಕಾರಲೇಶವಿಲ್ಲದೆ, ನಿತ್ಯೋಪಯೋಗಕ್ಕಾಗಿ, ಅಗ್ಗದ ಬೆಲೆಗೆ, ಮತ್ತೆ ಮತ್ತೆ ಮಾಡಿದ ವಸ್ತುವಿನಲ್ಲಿಯೇ ಪರಮಸೌಂದರ್ಯವು ತಾನಾಗಿ ಬಂದು ನೆಲಸುತ್ತದೆಂಬುದು ಅವನ ಸಿದ್ಧಾಂತ. ಅಮಿತಾಭನ ಕೃಪೆಗೆ ತನ್ನನ್ನು ಒಪ್ಪಿಸಿಕೊಂಡ ಭಕ್ತನಿಗೆ ಮೋಕ್ಷವು ಸ್ವಪ್ರಯತ್ನವಿಲ್ಲದೆಯೇ ಲಭಿಸುವುದೆಂಬ ಬೌದ್ಧ ಮತದ ತತ್ತ್ವವನ್ನು ಅವನು ಮಡಕೆಗೂ ಅನ್ವಯಿಸಿದನು. 1936ರಲ್ಲಿ ಟೋಕಿಯೊದ ಕೊಮಾಬಾ ಬಡಾವಣೆಯಲ್ಲಿ ಸ್ಥಾಪಿತವಾದ ಜಪಾನ್ ಜನಪದ ಕರಕುಶಲ ಸಂಗ್ರಹಾಲಯವು ಈ ಸಿದ್ಧಾಂತಕ್ಕೆ ಕಟ್ಟಿದ ಗುಡಿಯೆಂದರೂ ಸಲ್ಲುತ್ತದೆ. ಯಂತ್ರವನ್ನು ಅವನು ಸಂಪೂರ್ಣವಾಗಿ ತಿರಸ್ಕರಿಸಿದನೆಂದು ಹೇಳಲಾಗದು. ಆದರೆ ಕೈಯ ಮುಂದೆ ಅದನ್ನು ಎಂದೂ ಕೂರಿಸಲಿಲ್ಲ.

ಇಂತಹ ತಂದೆಯೂ, ಪಾಶ್ಚಾತ್ಯ ಶಾಸ್ತ್ರೀಯ ಗಾಯನದಲ್ಲಿ ಪ್ರಸಿದ್ಧೆಯಾಗಿದ್ದ ಕಾನೆಕೊ ಎಂಬ ತಾಯಿಯೂ ಇದ್ದ ಮನೆಯಲ್ಲಿ, ಇಂಗ್ಲಿಷ್ ಕುಂಬಾರ ಬರ್ನಾರ್ಡ್ ಲೀಚ್ ಆವರಣದಲ್ಲಿಯೇ ಆವಿಗೆ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದ ದಿನಗಳಲ್ಲಿ, ಬಾಲಕನು ಬೆಳೆದನು. ಸುತ್ತಲೂ ಹಳೆಯ ಪಾತ್ರೆಗಳು, ಹಳೆಯ ಬಟ್ಟೆಗಳು, ಅವುಗಳನ್ನು ಕುರಿತ ಸಂಭಾಷಣೆ. ಇದರ ಫಲವಾಗಿ ಮಗನೂ ಕುಂಬಾರಿಕೆಯನ್ನೇ ಆರಾಧಿಸಿದನೆಂದು ನೀವು ಊಹಿಸಿದರೆ ಮಕ್ಕಳ ಸ್ವಭಾವವನ್ನು ನೀವು ಮರೆತಿದ್ದೀರಿ. ಯುವಕ ಯನಗಿಗೆ ಹಳೆಯದರಲ್ಲಿ ಜಿಗುಪ್ಸೆಯೇ ಹುಟ್ಟಿತು. ಟೋಕಿಯೊ ಲಲಿತಕಲಾ ಶಾಲೆಗೆ ಸೇರಿ ಪಾಶ್ಚಾತ್ಯ ಪದ್ಧತಿಯ ಚಿತ್ರಕಲೆಯನ್ನು ಅಭ್ಯಸಿಸಿ 1940ರಲ್ಲಿ ಹೊರಬಂದರು. ಈ ನಡುವೆ, ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಕಲಿತುಬಂದಿದ್ದ ತಕೆಹಿಕೊ ಮಿಜುತಾನಿಯವರ ಉಪನ್ಯಾಸಗಳನ್ನು ಕೇಳಿ, ಗೋಡೆಗೆ ತೂಗುಹಾಕುವ ಚಿತ್ರಕ್ಕಿಂತ ಸಮಾಜವು ಬಳಸುವ ವಸ್ತುವೇ ಈ ಯುಗದ ಕಲಾವಿದನ ನಿಜವಾದ ಕ್ಷೇತ್ರವೆಂಬ ನಂಬಿಕೆ ಅವರಲ್ಲಿ ಬೇರೂರಿತ್ತು.

ಈ ಸಂಧಿಯಲ್ಲಿ ಶಾರ್ಲೊಟ್ ಪೆರಿಯಾಂ ಜಪಾನಿಗೆ ಬಂದರು. ವಾಸ್ತುಶಿಲ್ಪಿಗಳಾದ ಲ ಕಾರ್ಬ್ಯೂಸಿಯೆ ಹಾಗೂ ಪಿಯೆರ್ ಜೀನೆರೆ ಇವರೊಡನೆ ಉಕ್ಕಿನ ಕೊಳವೆಯ ಪ್ರಸಿದ್ಧ ಆಸನಗಳನ್ನು ರೂಪಿಸಿದ ಫ್ರೆಂಚ್ ಮಹಿಳೆ ಆಕೆ. ಇದೇ ಜೀನೆರೆಯವರು ಮುಂದೆ ನಮ್ಮ ಚಂಡೀಗಢದ ಕಚೇರಿಗಳಿಗೆ ತೇಗದ ಕುರ್ಚಿಗಳನ್ನು ರೂಪಿಸಿದುದನ್ನು ಇಲ್ಲಿ ಸ್ಮರಿಸಬಹುದು. ರಫ್ತಿಗೆ ಯೋಗ್ಯವಾದ ಸರಕನ್ನು ಹೇಗೆ ತಯಾರಿಸಬೇಕೆಂಬುದನ್ನು ಕಲಿಸಲು ಜಪಾನಿನ ವಾಣಿಜ್ಯ ಖಾತೆಯು, ಲ ಕಾರ್ಬ್ಯೂಸಿಯೆಯ ಬಳಿ ಕೆಲಸ ಮಾಡಿದ್ದ ವಾಸ್ತುಶಿಲ್ಪಿ ಜುಂಜೊ ಸಕಾಕುರಾ ಅವರ ಮೂಲಕ, 1940ರಲ್ಲಿ ಆಕೆಯನ್ನು ಕರೆಸಿಕೊಂಡಿತು. ದೇಶಾದ್ಯಂತ ಆಕೆ ನಡೆಸಿದ ಪ್ರವಾಸದಲ್ಲಿ ಸಹಾಯಕರಾಗಿ ಜತೆಗೂಡಿದವರು ಇಪ್ಪತ್ತೈದು ವರ್ಷದ ಯನಗಿ. ಯುರೋಪಿನ ನವ್ಯಶಿಲ್ಪದ ಪ್ರತಿನಿಧಿಯೆಂದು ಯಾರನ್ನು ಅವರು ಹಿಂಬಾಲಿಸಿದರೋ ಆಕೆ ಹಳ್ಳಿಹಳ್ಳಿಯಲ್ಲಿ ನಿಂತು ಬಿದಿರಿನ ಹೆಣಿಗೆಯನ್ನೂ ಹುಲ್ಲಿನ ಮಳೆಯಂಗಿಯನ್ನೂ ಬೆರಗಿನಿಂದ ಮುಟ್ಟಿ ನೋಡುತ್ತಿದ್ದರು. ತಂದೆಯ ಸಂಗ್ರಹಾಲಯಕ್ಕೂ ಹೋದರು. 1941ರಲ್ಲಿ ಟೋಕಿಯೊ ಮತ್ತು ಒಸಾಕಾ ನಗರಗಳ ತಕಾಶಿಮಾಯಾ ಮಳಿಗೆಗಳಲ್ಲಿ ಆಕೆ ಏರ್ಪಡಿಸಿದ ‘ಆಯ್ಕೆ, ಸಂಪ್ರದಾಯ, ಸೃಷ್ಟಿ’ ಎಂಬ ಪ್ರದರ್ಶನದಲ್ಲಿ, ಪ್ಯಾರಿಸ್ಸಿನಲ್ಲಿ ಉಕ್ಕಿನಿಂದ ಮಾಡಿದ್ದ ಒರಗು ಆಸನವು ಬಿದಿರಿನಲ್ಲಿ ಮರುಹುಟ್ಟು ಪಡೆದಿತ್ತು. ಮನೆಯಲ್ಲಿ ಬೇಡವೆಂದು ಬಿಟ್ಟುಹೋದುದನ್ನು ಪರದೇಶದ ಗುರು ಕೈಹಿಡಿದು ಮತ್ತೆ ಮನೆಗೇ ತಂದು ತೋರಿಸಿದ ಈ ಪ್ರಸಂಗವು ಯನಗಿಯವರ ಬಾಳಿನಲ್ಲಿ ನಿರ್ಣಾಯಕವಾದುದೆಂದು ನಾನು ಬಗೆಯುತ್ತೇನೆ.

ಯುದ್ಧವು ಅವರನ್ನು ಫಿಲಿಪ್ಪೀನ್ಸಿಗೆ ಒಯ್ದಿತು. 1946ರಲ್ಲಿ ಹಿಂದಿರುಗಿದಾಗ ಟೋಕಿಯೊ ಬೂದಿಯಾಗಿತ್ತು. ಜನರಿಗೆ ಉಣ್ಣಲು ತಟ್ಟೆಯೂ ಇರಲಿಲ್ಲ. ಅವರು ಮೊದಲು ಮಾಡಿದುದೂ ತಟ್ಟೆ ಬಟ್ಟಲುಗಳನ್ನೇ: ಹೂ ಬಳ್ಳಿಗಳ ಚಿತ್ರವಿಲ್ಲದ, ಅಪ್ಪಟ ಬಿಳಿಯ ಪಿಂಗಾಣಿಯ ಊಟದ ಸಾಮಾನು. ಚಿತ್ರ ಬರೆಯದ ಪಿಂಗಾಣಿಯೆಂದರೆ ಅರ್ಧ ಮುಗಿದ ಸರಕೆಂದೇ ಭಾವಿಸಿದ್ದ ವರ್ತಕರಿಗೆ ಇದು ರುಚಿಸಲಿಲ್ಲ. 1952ರಲ್ಲಿ, ಪತ್ರಿಕಾಸಂಸ್ಥೆಯೊಂದು ನಡೆಸಿದ ಮೊತ್ತಮೊದಲ ಕೈಗಾರಿಕಾ ವಿನ್ಯಾಸ ಸ್ಪರ್ಧೆಯಲ್ಲಿ ಅವರ ಗ್ರಾಮೊಫೋನ್ ಪೆಟ್ಟಿಗೆಗೆ ಪ್ರಥಮ ಬಹುಮಾನ ದೊರೆತ ಬಳಿಕ ಮಾತ್ರವೇ ಅವರಿಗೆ ನೆಲೆ ಸಿಕ್ಕಿತು.

ಇನ್ನು ಅವರ ಕೀರ್ತಿಗೆ ಕಾರಣವಾದ ಸ್ಟೂಲಿನ ಮಾತು. ಜಪಾನಿನ ಮನೆ ನೆಲದ ಮೇಲಿನ ಮನೆ. ನಮ್ಮ ಅಜ್ಜಂದಿರ ಮನೆಯಲ್ಲಿ ಮಣೆ ಚಾಪೆಗಳ ಮಟ್ಟದಲ್ಲಿಯೇ ಊಟ, ನಿದ್ರೆ, ಲೆಕ್ಕಪತ್ರ, ಸಂಗೀತಗಳೆಲ್ಲ ನಡೆಯುತ್ತಿದ್ದಂತೆ ಅಲ್ಲಿಯೂ ತತಾಮಿ ಚಾಪೆಯ ಮಟ್ಟದಲ್ಲಿ ಬಾಳು ಸಾಗುತ್ತಿತ್ತು. ಅಂತಹ ಮನೆಗೆ ಕುರ್ಚಿಯು ಕಚೇರಿ, ಪಾಠಶಾಲೆ, ಆಸ್ಪತ್ರೆಗಳ ದಾರಿಯಾಗಿ ಬಂದ ಅತಿಥಿ. ಚಾಪೆಯನ್ನು ತಿವಿಯದಂತೆ ಕಾಲಿಗೆ ಉದ್ದನೆಯ ಪಟ್ಟಿ ಜೋಡಿಸಿ ಕುಳ್ಳಾದ ಆಸನಗಳನ್ನು ಮಾಡಿದವರೂ ಆ ಪೀಳಿಗೆಯಲ್ಲಿದ್ದಾರೆ. ಸಕಾಕುರಾ ಅವರ ಕಚೇರಿಯ ದೈಸಾಕು ಚೋ ರೂಪಿಸಿದ, 1960ರ ತಗ್ಗು ಕುರ್ಚಿ ಅಂತಹದು. ಯನಗಿಯವರು ಆ ಸಮಸ್ಯೆಯ ಕಡೆಯಿಂದ ಹೊರಡಲಿಲ್ಲ. ಅವರು ಹೊರಟುದು ಹಾಳೆಯಿಂದ. ಬಾಗುವ ಹಾಳೆಯೊಂದನ್ನು ಕೈಯಲ್ಲಿ ಹಿಡಿದು, ಇಂಥದೇ ಆಗಬೇಕೆಂಬ ಹಟವಿಲ್ಲದೆ ಹೀಗೂ ಹಾಗೂ ಮಣಿಸುತ್ತ, ಒಂದು ರೂಪವು ಕಂಡ ಮೇಲೆ, ಇದು ಕೂರಲು ಒದಗೀತೆ ಎಂದು ವಿಚಾರಿಸಿದರು.

ಆ ರೂಪಕ್ಕೆ ಮರದ ದೇಹವನ್ನು ಕೊಡುವುದು ಹೇಗೆ? ಅಮೆರಿಕದಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು, ಯುದ್ಧಕಾಲದಲ್ಲಿ ನೌಕಾಪಡೆಯ ಗಾಯಾಳುಗಳ ಕಾಲಿಗೆ ಕಟ್ಟುವ ಪ್ಲೈವುಡ್ ದಬ್ಬೆಗಳನ್ನು ತಯಾರಿಸುತ್ತ, ಮರವನ್ನು ಎರಡು ದಿಕ್ಕಿಗೂ ಬಾಗಿಸುವ ವಿದ್ಯೆಯನ್ನು ಸಾಧಿಸಿದ್ದರು. ಜಪಾನಿನಲ್ಲಿ ಅಂತಹ ಕೆಲಸಕ್ಕೆ ಸಿದ್ಧವಾಗಿದ್ದುದು ಈಶಾನ್ಯದ ಯಾಮಗಾತ ಪ್ರಾಂತದ ತೆಂಡೋ ಎಂಬ ಸಣ್ಣ ಊರು. ಅಲ್ಲಿಯ ಬಡಗಿಗಳು 1940ರಲ್ಲಿ ಸಹಕಾರ ಸಂಘವೊಂದನ್ನು ಕಟ್ಟಿಕೊಂಡು, ಯುದ್ಧದ ವರ್ಷಗಳಲ್ಲಿ ಮದ್ದುಗುಂಡಿನ ಪೆಟ್ಟಿಗೆಗಳನ್ನೂ, ಶತ್ರುವಿನ ಕಣ್ಣಿಗೆ ಮಣ್ಣೆರಚಲು ಮರದ ಹುಸಿ ವಿಮಾನಗಳನ್ನೂ ಮಾಡುತ್ತಿದ್ದರು. ಯುದ್ಧ ಮುಗಿದು ಹುಸಿ ವಿಮಾನಗಳಿಗೆ ಗಿರಾಕಿಯಿಲ್ಲದೆ ಹೋದಾಗ, ತೆಂಡೋ ಮೊಕ್ಕೊ ಎಂಬ ಹೆಸರಿನಿಂದ ಮುಂದೆ ಪ್ರಸಿದ್ಧವಾದ ಈ ಸಂಸ್ಥೆಯು ಅಧಿಕ ಕಂಪನಾಂಕದ ವಿದ್ಯುತ್ತಿನಿಂದ ಅಂಟನ್ನು ಕಾಯಿಸುವ ಯಂತ್ರವನ್ನು ತರಿಸಿಕೊಂಡಿತು. ಮರದ ದಿಮ್ಮಿಯಿಂದ ಸುಲಿದ ತೆಳುಹಾಳೆಗಳಿಗೆ ಅಂಟು ಬಳಿದು, ಒಂದರ ಮೇಲೊಂದು ಪೇರಿಸಿ, ಗಂಡು ಹೆಣ್ಣು ಎರಡು ಅಚ್ಚುಗಳ ನಡುವೆ ಒತ್ತಿ ಹಿಡಿದು ಅಂಟನ್ನು ಒಳಗಿನಿಂದಲೇ ಕಾಯಿಸಿದರೆ, ಅಚ್ಚಿನಿಂದ ಬಿಡಿಸಿದಾಗ ಹಾಳೆಗಳೆಲ್ಲ ಒಂದಾಗಿ, ಮತ್ತೆ ಹಿಂದಿನ ಆಕಾರಕ್ಕೆ ಮರಳಲಾರದ ಬಾಗಿದ ಮರವಾಗಿರುತ್ತವೆ. ಸೆಂದಾಯಿ ನಗರದ ಸರ್ಕಾರಿ ಕೈಗಾರಿಕಾ ಕಲಾ ಸಂಶೋಧನಾಲಯದ ತಜ್ಞ ಸಬುರೊ ಇನೂಯಿ ಅವರ ನೆರವಿನಿಂದ ಯನಗಿಯವರು ಇಲ್ಲಿಗೆ ತಲಪಿದರು. ತೀವ್ರವಾಗಿ ಬಾಗುವ ಕಡೆ ಹಾಳೆ ಸೀಳದಂತೆ ಮಾಡುವುದಕ್ಕೆ ಪ್ರಯೋಗಗಳು ವರ್ಷಗಟ್ಟಲೆ ನಡೆದುವು.

1954ರಲ್ಲಿ ರೂಪಿತವಾಗಿ 1956ರಲ್ಲಿ ಪ್ರಕಟವಾದ ಈ ‘ಬಟರ್‌ಫ್ಲೈ’ ಸ್ಟೂಲನ್ನು ಹತ್ತಿರದಿಂದ ನೋಡೋಣ. ಅದರ ಅಗಲ ಸುಮಾರು 42 ಸೆಂಟಿಮೀಟರು, ಆಳ 31. ಕೂರುವ ತಗ್ಗು ನೆಲದಿಂದ 34 ಸೆಂಟಿಮೀಟರು ಎತ್ತರದಲ್ಲಿದೆ, ರೆಕ್ಕೆಯ ತುದಿ 39ಕ್ಕೆ ಸ್ವಲ್ಪ ಕಡಮೆ. ಇಡೀ ಪೀಠಕ್ಕೆ ಇರುವುದು ಎರಡೇ ಮರದ ತುಂಡುಗಳು, ಅವೆರಡೂ ಒಂದೇ ಅಚ್ಚಿನವು. ಒಂದು ತುಂಡು ನೆಲದಿಂದ ಹೊರಟು, ಒಳಮುಖವಾಗಿ ವಾಲುತ್ತ ಮೇಲೇರಿ, ನಡುವಿಗೆ ಬಂದೊಡನೆ ಹೊರಕ್ಕೆ ತಿರುಗಿ, ಆಸನವಾಗಿ ಚಾಚಿ, ಅಂಚಿನಲ್ಲಿ ಮೆಲ್ಲನೆ ಮೇಲಕ್ಕೆ ಏಳುತ್ತದೆ. ಇನ್ನೊಂದು ಅದಕ್ಕೆ ಬೆನ್ನು ಕೊಟ್ಟು ನಿಂತು, ಕನ್ನಡಿಯ ಬಿಂಬದಂತೆ ಎದುರು ದಿಕ್ಕಿಗೆ ಅದೇ ದಾರಿಯಲ್ಲಿ ಸಾಗುತ್ತದೆ. ಆಸನದ ಕೆಳಗೆ, ಬೆನ್ನಿಗೆ ಬೆನ್ನು ತಾಗುವಲ್ಲಿ, ಎರಡು ಬೋಲ್ಟುಗಳು. ಕಾಲುಗಳು ಭಾರಕ್ಕೆ ಅಗಲಿಹೋಗದಂತೆ ಅಡ್ಡಲಾಗಿ ಒಂದು ಹಿತ್ತಾಳೆಯ ಸರಳು. ಬಡಗಿಯ ಕೆಲಸದಲ್ಲಿ ನಾವು ಕಾಣುವ ಗೂಟ, ತೂತು, ಮೊಳೆ ಯಾವುದೂ ಇಲ್ಲ. ಕಾಲೆಲ್ಲಿ ಮುಗಿಯಿತು, ಆಸನವೆಲ್ಲಿ ಮೊದಲಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಎರಡೂ ಭಾಗಕ್ಕೆ ಒಂದೇ ಅಚ್ಚು ಸಾಕಾದುದರಿಂದ ಕಾರ್ಖಾನೆಯ ದೃಷ್ಟಿಯಿಂದಲೂ ಇದು ಮಿತವ್ಯಯದ ಯುಕ್ತಿ.

1957ರಲ್ಲಿ ಮಿಲಾನ್ ನಗರದ ತ್ರೈವಾರ್ಷಿಕ ಪ್ರದರ್ಶನದಲ್ಲಿ ಯನಗಿಯವರಿಗೆ ಚಿನ್ನದ ಪದಕ ಬಂದಿತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಸ್ಟೂಲನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಪೌರಸ್ತ್ಯ ಪಾಶ್ಚಾತ್ಯಗಳ ಸಮನ್ವಯವೆಂದೂ, ಶಿಂತೋ ದೇಗುಲದ ಹೆಬ್ಬಾಗಿಲಿನ ಪ್ರತಿಧ್ವನಿಯೆಂದೂ ವಿಮರ್ಶಕರು ಹೊಗಳಿದರು. ಈ ಹೊಗಳಿಕೆಯನ್ನು ಅಲ್ಲಗಳೆಯುವಷ್ಟು ಧಾರ್ಷ್ಟ್ಯ ನನ್ನಲ್ಲಿಲ್ಲ. ಆದರೂ ಒಂದು ಮಾತನ್ನು ಹೇಳದಿರಲಾರೆ. ಈ ಸ್ಟೂಲು ಕೂರುವವನಿಗಿಂತ ನೋಡುವವನನ್ನು ಹೆಚ್ಚಾಗಿ ಸತ್ಕರಿಸುತ್ತದೆ. ಕೋಣೆಯ ಮಧ್ಯದಲ್ಲಿಟ್ಟರೆ ಎಲ್ಲರ ದೃಷ್ಟಿಯನ್ನೂ ತನ್ನತ್ತ ಸೆಳೆದುಕೊಳ್ಳುತ್ತದೆ. ಕಣ್ಣಿಗೆ ಬೀಳದೆ ಕೆಲಸಕ್ಕೆ ಒದಗುವುದೇ ಉತ್ತಮ ವಸ್ತುವಿನ ಲಕ್ಷಣವಾದರೆ, ಮತ್ತು ತಂದೆ ಮಗ ಇಬ್ಬರ ಮತವೂ ಕೊನೆಗೆ ಅದೇ ಆದರೆ, ಯನಗಿಯವರ ಅತ್ಯಂತ ಪ್ರಸಿದ್ಧ ಕೃತಿಯೇ ಅವರ ತತ್ತ್ವದಿಂದ ಅತ್ಯಂತ ದೂರವಾದುದೆಂದು ಹೇಳಬೇಕಾಗುತ್ತದೆ.

ಅದೇ 1954ರಲ್ಲಿ ಹುಟ್ಟಿದ ಇನ್ನೊಂದು ಸ್ಟೂಲು ನನಗೆ ಹೆಚ್ಚು ಪ್ರಿಯವಾದುದು. ಗಾಜಿನೆಳೆಯನ್ನು ರಾಳದಲ್ಲಿ ಕೂಡಿಸಿ ಎರಕ ಹೊಯ್ದ, ಮೂರು ದಪ್ಪ ಕಾಲುಗಳ ಆ ಪೀಠಕ್ಕೆ ಆನೆಯ ಹೆಸರಿದೆ. ಮಾದರಿಗಳನ್ನು ಕೆತ್ತುತ್ತ ಕೂರಲು ತಮ್ಮ ಕಮ್ಮಟಕ್ಕೇ ಬೇಕಾಗಿ ಅವರು ಅದನ್ನು ಮಾಡಿದರು. ನೆಲ ಏರುತಗ್ಗಾಗಿದ್ದರೂ ಮೂರು ಕಾಲು ಅಲುಗದು. ಮಳೆಗೆ ಅಂಗಳದಲ್ಲಿ ಬಿಟ್ಟರೂ ಕೆಡದು. ಕೆಲಸ ಮುಗಿದೊಡನೆ ಒಂದರ ಮೇಲೊಂದು ಪೇರಿಸಿ ಮೂಲೆಗೆ ಸರಿಸಬಹುದು. ಯಾರ ಮೆಚ್ಚಿಕೆಯನ್ನೂ ಅದು ಬೇಡುವುದಿಲ್ಲ.

ಆ ಕಮ್ಮಟದ ಪದ್ಧತಿಯನ್ನು ಹೇಳದೆ ಯನಗಿಯವರನ್ನು ಅರಿತಂತಾಗದು. ಟೋಕಿಯೊದ ಯೊತ್ಸುಯಾ ಬಡಾವಣೆಯಲ್ಲಿ, ವಾಸ್ತುಶಿಲ್ಪಿ ಕುನಿಯೊ ಮಾಯೆಕಾವಾ ಅವರ ಕಟ್ಟಡದ ನೆಲಮಾಳಿಗೆಯಲ್ಲಿ ಅವರ ಕಚೇರಿ ಬಹುಕಾಲ ನಡೆಯಿತು. ಅಲ್ಲಿ ನಕ್ಷೆಗೆ ಪ್ರಥಮಸ್ಥಾನವಿರಲಿಲ್ಲ. ವಸ್ತು ಯಾವುದೇ ಇರಲಿ, ಪ್ಲಾಸ್ಟರಿನಲ್ಲೋ ಮರದಲ್ಲೋ ಅದರ ಪೂರ್ಣಗಾತ್ರದ ಮಾದರಿಯನ್ನು ಮಾಡಿ, ಹಿಡಿದು, ಎತ್ತಿ, ಸುರಿದು, ಸಾಲದೆ ಬಂದರೆ ಉಜ್ಜಿ ಕೆತ್ತಿ, ಮತ್ತೆ ಹಿಡಿದು ನೋಡುವುದು. ಕೈ ಒಪ್ಪಿದ ಮೇಲೆ ಅಳತೆ ತೆಗೆದು ನಕ್ಷೆ ಬರೆಯುವುದು. ಯಂತ್ರವು ಕಡೆಗೆ ಮಾಡುವುದೆಲ್ಲ ಈ ಕೈಯ ತೀರ್ಮಾನದ ಅನುವಾದವಷ್ಟೆ. ತಂದೆಯ ಆಕ್ಷೇಪಕ್ಕೆ ಮಗನು ಕೊಟ್ಟ ಉತ್ತರ ಇದೇ ಎಂದು ನನಗೆ ತೋರುತ್ತದೆ: ಕೈಯನ್ನು ಕಾರ್ಖಾನೆಯಿಂದ ಹೊರಗಟ್ಟುವುದು ಅನಿವಾರ್ಯವಾದರೆ, ಕಾರ್ಖಾನೆಗಿಂತ ಮುಂಚೆ ಅದನ್ನು ಕೂರಿಸಿರಿ.

ಅಡುಗೆಮನೆಯ ಸಾಮಾನುಗಳಲ್ಲಿ ಈ ಉತ್ತರ ಪೂರ್ಣವಾಗಿ ಫಲಿಸಿದೆ. 1953ರಲ್ಲಿಯೇ ಟೋಕಿಯೊ ಗ್ಯಾಸ್ ಕಂಪನಿಗಾಗಿ ಬೇಗ ಕುದಿಯುವ ಕೆಟಲೊಂದನ್ನು ಅವರು ರೂಪಿಸಿದ್ದರು. ನಾಲ್ವತ್ತು ವರ್ಷಗಳ ತರುವಾಯ, 1994ರಲ್ಲಿ, ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಆ ವಿಚಾರಕ್ಕೇ ಮರಳಿದರು. ಉರಿಯೆಲ್ಲ ತಳಕ್ಕೇ ತಗಲುವಂತೆ ಅಗಲವಾದ ಬುಡ, ತುಂಬಿದ ಕೆಟಲನ್ನು ಓರೆಮಾಡಿದಾಗ ಮುಷ್ಟಿಗೆ ನೋವಾಗದಂತೆ ದಪ್ಪನಾದ ಹಿಡಿ, ಧಾರೆ ಚದರದ ಮೂತಿ. 1960ರ ಸ್ಟೀಲಿನ ಬೋಗುಣಿಗಳು ಐದು: 13, 16, 19, 23, 27 ಸೆಂಟಿಮೀಟರುಗಳ ವ್ಯಾಸದವು. ಮೊಟ್ಟೆ ಕಡೆಯಲು ಒಂದು, ಸೊಪ್ಪು ತೊಳೆಯಲು ಒಂದು, ಹೀಗೆ ಅಡುಗೆಯವಳ ಕೆಲಸವೇ ಗಾತ್ರವನ್ನು ಗೊತ್ತುಮಾಡಿತು. ಕೊಳೆ ಕೂರದಂತೆ ಅಂಚನ್ನು ಹೊರಕ್ಕೆ ಸುರುಳಿಯಾಗಿ ಮುಚ್ಚಿದರು. ಹಾಲು ಕಾಯಿಸುವ ಪುಟ್ಟ ಪಾತ್ರೆಯನ್ನಂತೂ ನೋಡಿಯೇ ತಿಳಿಯಬೇಕು. ಅದರ ಕಂಠದ ಎರಡು ಪಕ್ಕಕ್ಕೂ ಮೂತಿಯಿದೆ, ಎಡಗೈಯವರಿಗೂ ಬಲಗೈಯವರಿಗೂ ಸಮನಾಗಿ; ಮುಚ್ಚಳಕ್ಕೂ ಅದೇ ಆಕಾರ. ನೇರವಾಗಿಟ್ಟರೆ ಮುಚ್ಚಿಕೊಳ್ಳುವ ಆ ಮುಚ್ಚಳವನ್ನು ಸ್ವಲ್ಪ ತಿರುಗಿಸಿದರೆ ಮೂತಿಗಳ ಬಳಿ ಸಂದು ಬಿಟ್ಟು ಹಬೆ ಹೊರಹೋಗುತ್ತದೆ, ಹಾಲು ಉಕ್ಕುವುದಿಲ್ಲ. ಬೇರೆ ಕೀಲಿಲ್ಲ, ತೂತಿಲ್ಲ, ಗುಂಡಿಯಿಲ್ಲ. ಹಾಲು ಉಕ್ಕಿಸಿ ಒಲೆ ಒರೆಸಿದ ಅನುಭವವುಳ್ಳವರು ಈ ಸಭೆಯಲ್ಲಿ ಅನೇಕರಿರಬಹುದಾದ್ದರಿಂದ ಹೆಚ್ಚು ವಿವರಿಸಬೇಕಾಗಿಲ್ಲ.

ಇಂತಹ ವಸ್ತುಗಳ ಆದರ್ಶವನ್ನು ಯನಗಿಯವರು ಅನಾಮಿಕ ವಿನ್ಯಾಸವೆಂದು ಕರೆದರು. ಜೀನ್ಸ್ ಷರಾಯಿ, ಬೇಸ್‌ಬಾಲಿನ ಚೆಂಡು, ಪರ್ವತಾರೋಹಿಯ ಹಿಮಗೊಡಲಿ ಇವನ್ನು ಯಾರೂ ಸಹಿ ಹಾಕಿ ಸೃಷ್ಟಿಸಲಿಲ್ಲ. ಬಳಕೆಯೇ ಅವನ್ನು ತಿದ್ದಿತು. ಹೀಗೆ ಅಭಿಪ್ರಾಯಪಟ್ಟವರು ಅವರೊಬ್ಬರೇ ಅಲ್ಲ. ಈಮ್ಸ್ ದಂಪತಿಗಳು ಭಾರತ ಸರ್ಕಾರದ ಆಹ್ವಾನದ ಮೇಲೆ ಇಲ್ಲಿ ಸಂಚರಿಸಿ 1958ರಲ್ಲಿ ಸಲ್ಲಿಸಿದ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಉದಯಕ್ಕೆ ಮೂಲವಾದ ವರದಿಯಲ್ಲಿ, ತಾವು ಈ ದೇಶದಲ್ಲಿ ಕಂಡ ವಸ್ತುಗಳಲ್ಲೆಲ್ಲ ಅತ್ಯಂತ ಸುಂದರವಾದುದೆಂದು ಎತ್ತಿ ಹಿಡಿದುದು ನಮ್ಮ ಚೊಂಬನ್ನು. ತಲೆಮಾರುಗಳ ಅನುಭವವಲ್ಲದೆ ಒಬ್ಬ ಮನುಷ್ಯನು ಅದನ್ನು ರೂಪಿಸಿರಲು ಸಾಧ್ಯವಿಲ್ಲವೆಂಬುದೇ ಅವರ ತರ್ಕ. ಪ್ಲೈವುಡ್ಡನ್ನು ಬಾಗಿಸಿದ ಎರಡು ದೇಶಗಳ ಶಿಲ್ಪಿಗಳು, ಒಬ್ಬರು ತಂದೆಯ ಮಡಕೆಯ ಬಳಿಗೂ ಇನ್ನೊಬ್ಬರು ನಮ್ಮ ಬಚ್ಚಲಮನೆಯ ಚೊಂಬಿನ ಬಳಿಗೂ ಬಂದು ನಿಂತುದು ಸ್ವಾರಸ್ಯಕರವಾದುದಲ್ಲವೆ?

ಉಳಿದ ಸಾಧನೆಗಳನ್ನು ಬೇಗನೆ ದಾಟುತ್ತೇನೆ. 1964ರ ಟೋಕಿಯೊ ಒಲಿಂಪಿಕ್ಸಿನ ಪಂಜಿನ ಹಿಡಿ ಅವರದು. 1972ರ ಸಪ್ಪೊರೊ ಕ್ರೀಡೆಗಳ ಪಂಜೂ ಅವರದೇ. ಯೊಕೊಹಾಮಾ ನಗರದ ಸುರಂಗ ರೈಲುನಿಲ್ದಾಣಗಳಿಗೆ ಬೆಂಚು, ಕುಡಿಯುವ ನೀರಿನ ತೊಟ್ಟಿಗಳನ್ನೂ, ಪಾದಚಾರಿಗಳ ಸೇತುವೆಯನ್ನೂ, ಹೆದ್ದಾರಿಯ ಬದಿಯ ಶಬ್ದನಿರೋಧಕ ಗೋಡೆಗಳನ್ನೂ ಅವರು ರೂಪಿಸಿದರು. ಕಾನಾಜಾವಾದ ಕಲಾಶಾಲೆಯಲ್ಲಿ ದೀರ್ಘಕಾಲ ಬೋಧಿಸಿದರು. 1961ರಲ್ಲಿ ತಂದೆ ತೀರಿಕೊಂಡರು. ಅನಂತರ ಹಮಾದಾ ಅವರು ನೋಡಿಕೊಳ್ಳುತ್ತಿದ್ದ ಜನಪದ ಸಂಗ್ರಹಾಲಯದ ನಿರ್ದೇಶಕಪದವಿಯನ್ನು 1977ರಲ್ಲಿ ಮಗನೇ ವಹಿಸಿಕೊಂಡರು. ಹಳೆಯ ಮಡಕೆಗಳಿಗೆ ಬೇಸತ್ತು ಮನೆಯಿಂದ ಹೊರಟ ಯುವಕನು, ಅರುವತ್ತೆರಡನೆಯ ವಯಸ್ಸಿನಲ್ಲಿ ಅವೇ ಮಡಕೆಗಳ ಕಾವಲುಗಾರನಾದನು.

ಹಾಗಾದರೆ ತಂದೆ ಮಗನ ವಾದವು ತೀರ್ಮಾನವಾಯಿತೆ? ಅರ್ಧಭಾಗ ಮಾತ್ರ ಆಯಿತೆಂದು ನನ್ನ ಭಾವನೆ. ಮೊದಲನೆಯದಾಗಿ, ಅನಾಮಿಕತೆಯನ್ನು ಬೋಧಿಸಿದವರ ಹೆಸರೇ ಈಗ ಮಾರಾಟದ ಮುದ್ರೆಯಾಗಿದೆ. ಜಪಾನಿನ ಅಂಗಡಿಗಳಲ್ಲಿ ಜನರು ಕೊಳ್ಳುವುದು ಕೆಟಲನ್ನಲ್ಲ, ಯನಗಿ ಕೆಟಲನ್ನು. ಇದು ಅವರ ತಪ್ಪಲ್ಲ, ಮಾರುಕಟ್ಟೆಯ ಸ್ವಭಾವ. ಎರಡನೆಯ ತೊಡಕು ಇದಕ್ಕಿಂತ ಆಳವಾದುದು. ಮಡಕೆ ಸುಂದರವಾಗಿದೆಯೆ ಎಂದಷ್ಟೇ ಸೊಯೆತ್ಸು ಕೇಳಲಿಲ್ಲ. ಅದನ್ನು ಮಾಡುತ್ತಿದ್ದಾಗ ಕುಂಬಾರನ ಬದುಕು ಎಂತಹದಾಗಿತ್ತು, ಅವನ ಕೆಲಸದಲ್ಲಿ ಅವನಿಗೆ ಪಾಲಿತ್ತೆ ಎಂಬುದೂ ಅವನ ಪ್ರಶ್ನೆಯಾಗಿತ್ತು. ಮಗನ ಪದ್ಧತಿಯಲ್ಲಿ ಕೈಗೆ ಸಿಕ್ಕ ಗೌರವವೆಲ್ಲ ಯೊತ್ಸುಯಾದ ನೆಲಮಾಳಿಗೆಯಲ್ಲಿ ಪ್ಲಾಸ್ಟರು ಉಜ್ಜುತ್ತಿದ್ದ ಕೈಗೆ ಸಂದಿತು. ತೆಂಡೋ ಊರಿನಲ್ಲಿ ಅಚ್ಚಿಗೆ ಹಾಳೆ ಪೇರಿಸುತ್ತಿದ್ದ ಕೆಲಸಗಾರನೂ ಅನಾಮಿಕನೇ. ಆದರೆ ಅವನ ಅನಾಮಿಕತೆ ಅವನು ಆರಿಸಿಕೊಂಡುದಲ್ಲ, ಸ್ಟೂಲಿನ ಬಾಗಿನಲ್ಲಿ ಒಂದು ಕೂದಲೆಳೆಯಷ್ಟು ವ್ಯತ್ಯಾಸ ಮಾಡುವ ಸ್ವಾತಂತ್ರ್ಯವೂ ಅವನಿಗಿಲ್ಲ. ಕುಂಬಾರನಿಗೆ ಅದು ಇದ್ದಿತು. ಯನಗಿಯವರ ಸ್ಟೂಲನ್ನೂ ಬೋಗುಣಿಯನ್ನೂ ಎಷ್ಟು ಮೆಚ್ಚಿದರೂ, ತಂದೆಯ ಪ್ರಶ್ನೆಯ ಈ ಭಾಗಕ್ಕೆ ಅವುಗಳಲ್ಲಿ ನನಗೆ ಉತ್ತರ ಕಾಣುವುದಿಲ್ಲ. ಪ್ಲೈವುಡ್ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರು ಸಭೆಯಲ್ಲಿದ್ದರೆ ಅವರ ಮಾತನ್ನು ಕೇಳಲು ಕುತೂಹಲಿಯಾಗಿದ್ದೇನೆ.